ಚೀಲ ಎತ್ತಿ ನೋಡಿದವನು

ತಳಿಗಾರ ಬೆಳೆಸಿದ ಮೆಕ್ಕೆಜೋಳ ಗಾಳಿಗೆ ಬಗ್ಗುತ್ತಿರಲಿಲ್ಲ. ಹಿಂದಿನ ಬೆಳೆಯಲ್ಲಿ ಬಿರುಗಾಳಿಗೆ ಗೋದಾಮಿನ ತಗಡು ಹಾರಿಬಂದು ಒಂದು ದಂಟಿಗೆ ಬಡಿದಾಗ ಸೊಟ್ಟಗಾದದ್ದು ತಗಡು. ನಂಬದವರಿಗೆ ಅವನ ಹೆಂಡತಿ ಆ ತಗಡನ್ನೇ ತೋರಿಸುತ್ತಿದ್ದಳು.

ಆದರೆ ತಳಿ ಕೆಡಬಾರದೆಂದು ಪ್ರತಿ ಸಲವೂ ಗಿಡದ ತೆನೆಗೆ ಅದೇ ಗಿಡದ ಪರಾಗ ಹಾಕುತ್ತ ಬಂದು, ಮೊಳಕೆಯೇ ಕಡಿಮೆಯಾಗಿ, ಈ ಸಲ ಒಂದೇ ಒಂದು ಗಿಡ ಉಳಿದಿತ್ತು. ಇದಕ್ಕೆ ಹೊರಗಿನ ಪರಾಗ ಬಿದ್ದರೆ ಇಷ್ಟು ವರ್ಷದ ದುಡಿಮೆ ನೀರುಪಾಲು. ಪಕ್ಕದ ಹೊಲದಲ್ಲೋ, ಬಾಮೈದನ ನೇರಳೆ ಬಣ್ಣದ ಮೆಕ್ಕೆಜೋಳ ಹೂಬಿಟ್ಟು ಪರಾಗದ ಧೂಳೆಬ್ಬಿಸುತ್ತಿತ್ತು.

"ನಿನ್ನ ತಮ್ಮಂಗೆ ಬೇರೆ ಬೆಳೆ ಸಿಗ್ಲಿಲ್ವಾ?"

"ಅವನ ಹೊಲ, ಅವನ ಬೀಜ. ಗಾಳಿಗೆ ಬೇಲಿ ಹಾಕ್ಸಿ ಹೋಗಿ," ಎಂದಳು ಹೆಂಡತಿ.

ತೆನೆಯ ತುದಿಯಲ್ಲಿ ರೇಷ್ಮೆಯಂಥ ಜುಟ್ಟು ಮೂಡುವ ಮೊದಲೇ ಅವನು ಅದಕ್ಕೊಂದು ಕಾಗದದ ಚೀಲ ತೊಡಿಸಿದ. ಗಿಡದ ನೆತ್ತಿಯ ಗಂಡು ಹೂವಿಗೂ ಒಂದು. ಇನ್ನು ಆ ಹೂವು ಪರಾಗ ಉದುರಿಸುವವರೆಗೆ ಕಾಯುವುದಷ್ಟೇ ಕೆಲಸ. ಆ ಕೆಲಸ ಅವನಿಗೆ ಬರುತ್ತಿರಲಿಲ್ಲ.

ಬೆಳಿಗ್ಗೆ ಎದ್ದವನೇ ಕೆಳಗಿನ ಚೀಲ ಎತ್ತಿ ನೋಡಿದ. ಜುಟ್ಟು ಬಂದಿತ್ತು. ಹಲ್ಲುಜ್ಜುವಾಗ, ಅದು ಬಾಡಿದ್ದರೆ ಎನ್ನಿಸಿ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿದ. ತಿಂಡಿಗೆ ಕೂತವನು, ಹುಳ ಹೊಕ್ಕಿದ್ದರೆ ಎಂದು ಎದ್ದ. ಆಮೇಲೆ ಚೀಲ ಸರಿಯಾಗಿ ಮುಚ್ಚಿದೆನೋ ಇಲ್ಲವೋ ಎಂದು ಎತ್ತಿ ನೋಡಿದ.

"ಒಲೆ ಮೇಲಿಟ್ಟ ಹಾಲಾ ಅದು, ಉಕ್ಕಿ ಹೋಗೋಕೆ? ಸುಮ್ನೆ ಕೂತ್ಕೊಳ್ಳಿ."

"ನನ್ನ ಸಂಕಟ ನಿಂಗೇನು ಗೊತ್ತು?"

"ಗೊತ್ತು. ಮಗಳು ಹುಟ್ಟೋವಾಗ್ಲೂ ಹೀಗೇ ಬಾಗಿಲು ತೆಗ್ದು ತೆಗ್ದು ನರ್ಸ್ ಹತ್ರ ಬೈಸ್ಕೊಂಡಿದ್ರಿ."

ಮರುದಿನ ಗಂಡು ಹೂವು ಉದುರಿಸಿದ ಪರಾಗವನ್ನು ಜುಟ್ಟಿಗೆ ಸುರಿದು, ಚೀಲ ಕಟ್ಟಿ, ಕೊಯ್ಲಿನವರೆಗೂ ಉಗುರು ಕಚ್ಚುತ್ತ ಓಡಾಡಿದ.

ಕೊನೆಗೆ ಸಿಪ್ಪೆ ಸುಲಿದಾಗ ಹಳದಿ ಕಾಳುಗಳ ನಡುನಡುವೆ ನೇರಳೆ ಕಾಳುಗಳು ಇಣುಕಿದವು. ತಳಿಗಾರ ತೆನೆಯನ್ನು ಹೆಂಡತಿಯ ಕೈಗೆ ಹಾಕಿದ.

"ಭಾವ, ನಿಮ್ ಜೋಳಕ್ಕೆ ಮೊಡವೆ ಎದ್ದಿದೆ!" ಎಂದ, ನೋಡಲು ಬಂದಿದ್ದ ಬಾಮೈದ.

ಹೆಂಡತಿ ತೆನೆ ತಿರುಗಿಸುತ್ತ ಒಂದೊಂದೇ ನೇರಳೆ ಕಾಳು ತೋರಿಸಿದಳು. "ಇದು ಬ್ರಷ್ ಕಚ್ಕೊಂಡು ಓಡಿದ್ರಲ್ಲ, ಆಗಿಂದು. ಇದು ತಿಂಡಿ ಬಿಟ್ಟು ಎದ್ದಾಗಿಂದು. ಇದ್ಯಾವಾಗ?"

"ಸ್ನಾನ ಆದ್ಮೇಲೆ," ಎಂದ ಗಂಡ, ನೆಲ ನೋಡುತ್ತ.

"ಸರಿ. ಇವನ ಪರಾಗ ಬಿದ್ದಿದ್ದೆಲ್ಲ ನೇರಳೆ ಆಯ್ತು ಅಂದ್ರೆ, ಹಳದಿ ಇರೋದೆಲ್ಲ ನಮ್ದೇ ತಾನೆ?"

ತಳಿಗಾರ ತಲೆಯೆತ್ತಿದ. ಹೌದಲ್ಲ! ಪಕ್ಕದ ಹೊಲದಲ್ಲೂ ಹಳದಿಯೇ ಇದ್ದಿದ್ದರೆ ಯಾವುದು ಶುದ್ಧ, ಯಾವುದು ಬೆರಕೆ ಎಂದು ದೇವರಿಗೂ ತಿಳಿಯುತ್ತಿರಲಿಲ್ಲ. ಒಂದಷ್ಟು ಹೊತ್ತು ಅತ್ತಿಂದಿತ್ತ ಶತಪಥ ಹಾಕಿ, ಬಾಮೈದನ ಮುಂದೆ ನಿಂತು, "ನೀನು ನೇರಳೆ ಬಿತ್ತಿದ್ದೇ ಒಳ್ಳೇದಾಯ್ತು ಕಣೋ," ಎಂದ.

"ಇನ್ನೊಂದ್ಸಲ ಹೇಳಿ ಭಾವ, ಈ ಕಿವಿ ಸ್ವಲ್ಪ ಮಂದ."

ಭಾವ ಕಾಳು ಬಿಡಿಸಲು ಕೂತ. ನೇರಳೆಯವು ಬಾಮೈದನ ಹೊಲದ ಜೋಳದಂತೆ ಮುಟ್ಟಿದರೆ ಉದುರಿದವು. ಹಳದಿಯವಕ್ಕೆ ಮಾತ್ರ ಮೂವರೂ ಸೇರಿ ಇಕ್ಕಳ ಹಿಡಿಯಬೇಕಾಯಿತು.