ಮುಟ್ಟಬೇಕಾಗಿದ್ದ ಗೆರೆ

ಚಾಕ್‌ಪೀಸಿನ ಪುಡಿ ತೋಳಿನ ಮೇಲೆ ಬೀಳುತ್ತಿದೆ, ನೀಲಿ ತೋಳು, ಅಮ್ಮ ಈ ಇಂಟರ್‌ವ್ಯೂಗೆಂದೇ ಹೊಲಿದದ್ದು, ಕಂಕುಳಲ್ಲಿ ಒಂಚೂರು ಬಿಗಿ, ಕೈ ಎತ್ತಿದರೆ ಎಳೆಯುತ್ತೆ, ಎತ್ತಲೇಬೇಕು, ಎಕ್ಸ್ ಸ್ಕ್ವೇರ್ ಪ್ಲಸ್ ಎಕ್ಸ್ ವೈ ಪ್ಲಸ್ ವೈ ಸ್ಕ್ವೇರ್ ಈಕ್ವಲ್ ಟು ಏಳು, ಬೋರ್ಡಿನ ಮೇಲೆ ಓರೆಯಾಗಿ ಮಲಗಿದ ಒಂದು ಮೊಟ್ಟೆ, ಅದರ ಅಂಚಲ್ಲೊಂದು ಚುಕ್ಕೆ, ಎಕ್ಸ್ ಒಂದು, ವೈ ಎರಡು, ಅಲ್ಲಿ ಇಳಿಜಾರು ಎಷ್ಟು, ನಾವೇ ಮಕ್ಕಳು ಅಂದ್ಕೊಂಡು ಪಾಠ ಮಾಡಮ್ಮ ಅಂದರು ಪ್ರಿನ್ಸಿಪಾಲರು, ಅವರ ಪಕ್ಕ ಗಣಿತದ ಹಿರಿಯ ಮೇಷ್ಟ್ರು, ಇಬ್ಬರೇ, ಇದು ನಾಲ್ಕನೇ ಕಾಲೇಜು, ಇದೂ ಹೋದರೆ ಸೋಮವಾರದಿಂದ ಚಿಕ್ಕಪ್ಪನ ಅಂಗಡಿಯ ಕೌಂಟರು, ಪುಸ್ತಕಗಳಿಗೆಲ್ಲ ಅಟ್ಟ — ಇದೊಂದು ನೋಡಿಬಿಡೋಣ ಕಣೇ, ಆಗ್ಲಿಲ್ಲ ಅಂದ್ರೆ ಇನ್ನೇನ್ ಮಾಡೋದು, ಅಂದಿದ್ದ ಅಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ, ನನ್ನ ಚೀಲ ತಬ್ಬಿಕೊಂಡು. ಎಕ್ಸ್ ಸುಲಭ, ವೈ ಹಾಗಲ್ಲ, ಬೇರೆ ನಿಂತ ಹಾಗೆ ಕಾಣುತ್ತೆ ಅಷ್ಟೆ, ಒಳಗೊಳಗೇ ಎಕ್ಸ್‌ನ ಸೆರಗು ಹಿಡಿದೇ ಓಡಾಡುತ್ತೆ, ಅದಕ್ಕೇ ವೈ ಬದಲಾಗುವಲ್ಲೆಲ್ಲ ಡಿವೈ ಬೈ ಡಿಎಕ್ಸ್ ಅನ್ನೋ ಬಾಲ ಕಟ್ಟಬೇಕು, ಡೈರಿಯಲ್ಲಿ ಬರೆದಿದ್ದೇನೆ, ಕೆಳಗೆ ಸಣ್ಣ ಅಕ್ಷರದಲ್ಲಿ, ವೈ ನನ್ನ ಥರದ್ದು — ಎಕ್ಸ್ ವೈಗೆ ಬಾಲ ಕಟ್ಟಿದೆ, ಜೋರಾಗಿ ಹೇಳಿಯೂ ಹೇಳಿದೆ, ಆಗ ಹೊರಗೆ ಅಮ್ಮ ಕೆಮ್ಮಿದಳು, ವೈ ಸ್ಕ್ವೇರಿಗೆ ಬಾಲವಿಲ್ಲದೆ ಬರೀ ಎರಡು ವೈ ಬರೆದು ಮುಂದೆ ಹೋದೆ, ಉತ್ತರ ಮೈನಸ್ ಎಂಟು, ಸ್ಕೇಲಿಟ್ಟು ಗೆರೆ ಎಳೆದೆ, ಗೆರೆ ಚುಕ್ಕೆಯಿಂದ ಧಡಕ್ಕನೆ ಇಳಿಯಿತು, ಮೊಟ್ಟೆಯನ್ನು ಸೀಳಿಕೊಂಡು.

ಸರಿಯಾದದ್ದು ಮೈನಸ್ ನಾಲ್ಕು ಬೈ ಐದು, ಈಗ ಗೊತ್ತಾಗುತ್ತಿದೆ, ಮೆತ್ತಗಿನ ಇಳಿಜಾರು, ಅಂಚನ್ನು ಸವರಿಕೊಂಡು ಹೋಗಬೇಕಿತ್ತು, ಮೇಷ್ಟ್ರು ಕನ್ನಡಕ ಮೂಗಿನ ತುದಿಗೆ ಜಾರಿಸಿ, ಈ ಗೆರೆ ಆ ಚುಕ್ಕೇಲಿ ಏನ್ ಮಾಡ್ಬೇಕಮ್ಮ, ಮುಟ್ಟಬೇಕು ಸರ್, ಮುಟ್ತಾ ಇದೆಯಾ — ಎಷ್ಟು ಮೆಲ್ಲಗೆ ಕೇಳಿದರು, ಮಗುವಿಗೆ ಕೈ ಚಾಚಿದ ಹಾಗೆ, ಡಸ್ಟರು ಇಲ್ಲೇ ಇದೆ, ತಪ್ಪಾಯ್ತು ಸರ್, ಒಂದು ಬಾಲ ಬಿಟ್ಟೆ, ಅಷ್ಟು ಅಂದರೆ ಸಾಕು, ಮಾತು ಗಂಟಲವರೆಗೆ ಬಂದಿದೆ, ಅತ್ತಿಗೇ, ಜನರ ಬಟ್ಟೆ ಹೊಲಿದೂ ಹೊಲಿದೂ ಮಗಳ ಬಾಯಿಗೂ ನಾಲ್ಕು ಹೊಲಿಗೆ ಹಾಕಿಬಿಟ್ರಾ, ಚಿಕ್ಕಪ್ಪ ಹಾಗಂದಾಗ ಅಮ್ಮನೂ ನಕ್ಕಿದ್ದಳು, ನಾನೂ ನಕ್ಕಿದ್ದೆ, ಹೌದು ಸರ್, ಮುಟ್ತಾ ಇದೆ — ಯಾರು ಅಂದದ್ದು, ನಾನೇ, ಹೌದು ಅನ್ನುವುದೊಂದೇ ನನಗೆ ತಡವರಿಸದೆ ಬರೋದು, ಮೇಷ್ಟ್ರು ಕಿಟಕಿಯ ಕಡೆ ನೋಡಿದರು, ಪ್ರಿನ್ಸಿಪಾಲರು ಫೈಲು ಮುಚ್ಚಿ, ಆಯ್ತಮ್ಮ, ತಿಳಿಸ್ತೀವಿ. ಚಾಕಿನ ಗೆರೆ ತಾನೇ, ಒರೆಸ್ಕೊಂಡು ಇನ್ನೊಂದ್ ಹಾಕು, ಕತ್ತರಿ ಆಡಿಸಿದ್ ಮೇಲಲ್ವಾ ಅಳೋದು, ಅಂತಾಳೆ ಅಮ್ಮ ಕಟಿಂಗ್ ಕಲಿಸುವಾಗ, ಒರೆಸಲಾ, ಈಗಲಾದರೂ, ತೋಳು ಎಳೆಯುತ್ತೆ, ಕುರ್ಚಿಗಳು ಸರಿದ ಸದ್ದು, ಬಾಗಿಲಾಚೆ ಮತ್ತೆ ಅದೇ ಕೆಮ್ಮು, ಏನಾಯ್ತೇ ಅಂತಾಳೆ, ಏನಂತ ಹೇಳಲಿ, ಚೆನ್ನಾಗಾಯ್ತು ಅಂತಲೇ ಹೇಳುತ್ತೇನೆ, ಸೋಮವಾರ, ಕೌಂಟರು, ಅಟ್ಟ — ಬಿಳಿ ಗೆರೆ, ಚುಕ್ಕೆಯಿಂದ ನೆಟ್ಟಗೆ ಕೆಳಗೆ, ಮೊಟ್ಟೆಯನ್ನು ಸೀಳಿಕೊಂಡು, ಗೆರೆ —