ಕಂಬವೋ, ಶಿಖರವೋ

ಕಡತದ ನಲವತ್ತೆರಡನೆಯ ಪುಟಕ್ಕೆ ಬಂದಾಗ ಬರ್ನಡೀನ್ ಸ್ಟಾಹುರಾಳ ಕೈ ಅಲ್ಲೇ ನಿಂತಿತು. ಮೇಜಿನ ಆಚೆ ಬದಿಯಲ್ಲಿ ಎತ್ತರ ನಿರ್ಣಯ ಸಮಿತಿಯ ಏಳು ಮಂದಿ ಕೂತಿದ್ದರು. ಈಚೆ, ಅವಳ ಪಕ್ಕದಲ್ಲೇ ನಿಂತು ವೆಂಡೆಲ್ ಹಾಯ್ಟ್ ಮಾತಾಡುತ್ತಿದ್ದ. ಎಪ್ಪತ್ತೊಂದರ ವಯಸ್ಸಿನಲ್ಲೂ ಅವನ ದನಿ ತುಂಬಿದ ಕೋಣೆಯನ್ನು ಹಿಡಿದು ನಿಲ್ಲಿಸುವಂಥದ್ದು. ಇಪ್ಪತ್ತೊಂಬತ್ತು ವರ್ಷ ಅವಳು ಆ ದನಿಯನ್ನು ನಂಬಿಕೊಂಡು ಕೆಲಸ ಮಾಡಿದ್ದಳು. ಈಗ ಅದು ಕಿವಿಗೆ ಬೀಳುತ್ತಿತ್ತು, ಅರ್ಥವಾಗುತ್ತಿರಲಿಲ್ಲ.

ವಿವಾದ ಇಷ್ಟೇ. ವೆಂಡೆಲ್‌ನ ವಾಸ್ತುಶಿಲ್ಪ ಕಂಪನಿ ನಕ್ಷೆ ಬರೆದು ಷಿಕಾಗೋ ನದಿಯ ದಂಡೆಯಲ್ಲಿ ಕಟ್ಟಿಸಿದ ಗೋಪುರದ ನೆತ್ತಿಯ ಮೇಲೆ ಇನ್ನೂರ ತೊಂಬತ್ತು ಅಡಿಯ ಉಕ್ಕಿನ ಕಂಬವಿತ್ತು. ಅದು ಶಿಖರವಾದರೆ ಕಟ್ಟಡದ ಎತ್ತರಕ್ಕೆ ಸೇರುತ್ತದೆ. ಬರೀ ಆಂಟೆನಾ ಆದರೆ ಸೇರುವುದಿಲ್ಲ. ಆಂಟೆನಾವನ್ನು ಇವತ್ತು ನೆಟ್ಟು ನಾಳೆ ಕೀಳಬಹುದು, ಶಿಖರ ಕಟ್ಟಡದ ಮೈಯ ಭಾಗ ಎನ್ನುವುದು ಸಮಿತಿಯ ನಿಯಮ. ಸೇರಿದರೆ ದೇಶದ ಪಟ್ಟಿಯಲ್ಲಿ ಮೂರನೆಯ ಸ್ಥಾನ, ಸೇರದಿದ್ದರೆ ಹನ್ನೆರಡನೆಯದು. ಹನ್ನೆರಡನೆಯ ಕಟ್ಟಡದ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಮೊದಲು ಆ ಕಂಬಕ್ಕೊಂದು ಕವಚವಿತ್ತು, ಕಾಗದದ ಮೇಲೆ. ಬುಡದಲ್ಲಿ ಅಗಲವಾಗಿ ಹೊರಟು ಮೇಲೇರುತ್ತ ಸೂಜಿಯ ಮೊನೆಯಾಗುವ, ಬಿಳಿ ಹಲಗೆಗಳ ಕವಚ. ಅದನ್ನು ರೂಪಿಸಲು ಬರ್ನಡೀನ್ ಮೂರು ವರ್ಷ ತೆಗೆದುಕೊಂಡಿದ್ದಳು. ಎರಡು ವರ್ಷದ ಹಿಂದಿನ ವಸಂತದಲ್ಲಿ, ಅವಳು ಮಿಲ್ವಾಕೀಯಲ್ಲಿ ತಾಯಿಯ ಹಾಸಿಗೆಯ ಪಕ್ಕ ಕೂತಿದ್ದಾಗ, ವೆಂಡೆಲ್ ಫೋನ್ ಮಾಡಿದ್ದ. ಗಾಳಿ ಪರೀಕ್ಷೆಯಲ್ಲಿ ಹಲಗೆಗಳು ಕಿತ್ತು ಬಂದವಂತೆ. ಕವಚ ಕೈಬಿಡದೆ ಗತಿಯಿಲ್ಲವಂತೆ.

"ನಿನ್ನ ಲೆಕ್ಕದಲ್ಲೇ ಎಲ್ಲೋ ತಪ್ಪಾಗಿದೆ ಬರ್ನಿ. ನಾನು ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ಆ ವರದಿ ನೋಡೋಕೆ ಹೋಗ್ಬೇಡ, ಸುಮ್ನೆ ಕೊರಗ್ತೀಯ."

ಎಂಥ ದೊಡ್ಡ ಮನಸ್ಸು ಎಂದುಕೊಂಡಿದ್ದಳು ಆಗ. ಅಲ್ಲಿಂದೀಚೆಗೆ ಒಂದು ನಕ್ಷೆಗೂ ಅವಳು ಒಬ್ಬಳೇ ಸಹಿ ಹಾಕಿರಲಿಲ್ಲ. ಮುಂದಿನ ಗೋಪುರದ ಮುಖ್ಯಸ್ಥೆಯ ಕೆಲಸ ತಾನಾಗಿ ಬಂದಾಗ ಬೇಡವೆಂದಿದ್ದಳು. ಸರೋವರದ ಕಡೆಯಿಂದ ಗಾಳಿ ಜೋರಾಗಿ ಬೀಸಿದ ದಿನ ಕಿಟಕಿಯ ಹತ್ತಿರ ನಿಂತು ಕೆಳಗೆ ಓಡಾಡುವ ಜನರನ್ನು ನೋಡುತ್ತಿದ್ದಳು. ಹಲಗೆ ಬಿದ್ದಿದ್ದರೆ ಇವರಲ್ಲಿ ಯಾರ ಮೇಲೆ ಬೀಳುತ್ತಿತ್ತು ಎಂಬ ಯೋಚನೆ ತಪ್ಪುತ್ತಿರಲಿಲ್ಲ.

ನಲವತ್ತೆರಡನೆಯ ಪುಟ ಆ ಪರೀಕ್ಷೆಯ ವರದಿ. ಕೊನೆಯ ಸಾಲಿನಲ್ಲಿ, ಹಲಗೆಗಳಲ್ಲಿ ಯಾವ ದೋಷವೂ ಕಂಡುಬಂದಿಲ್ಲ ಎಂದಿತ್ತು. ಮುಂದಿನ ಪುಟದಲ್ಲಿ ವೆಂಡೆಲ್‌ನ ಕಾಗದ. ಕಟ್ಟಡವನ್ನು ಬೇಗ ಮುಗಿಸಿ ಒಪ್ಪಿಸಲು ಕವಚವನ್ನು ಕೈಬಿಡಬಹುದು ಎಂದು ಗೋಪುರದ ಮಾಲೀಕರಿಗೆ ಬರೆದದ್ದು. ಅದರ ತಾರೀಖು ಪರೀಕ್ಷೆಗಿಂತ ಆರು ವಾರ ಹಿಂದಿನದು. ಮಾಲೀಕರ ಕಚೇರಿಯವರು ಇದ್ದಬದ್ದ ಕಾಗದವನ್ನೆಲ್ಲ ಒಟ್ಟು ಹಾಕಿ ಕಡತ ಮಾಡಿ ಸಮಿತಿಗೆ ಕಳಿಸಿದ್ದರು. ಯಾರೂ ಓದಿದಂತಿರಲಿಲ್ಲ.

ಕಾಫಿಗೆಂದು ಬಿಟ್ಟಾಗ ಅವಳು ಕಡತವನ್ನು ತೆರೆದೇ ಹಿಡಿದುಕೊಂಡು ಅವನ ಹಿಂದೆ ಪಡಸಾಲೆಗೆ ಹೋದಳು.

"ಪರೀಕ್ಷೇಲಿ ಪಾಸಾಗಿತ್ತು," ಎಂದಳು.

ವೆಂಡೆಲ್ ಪುಟ ನೋಡಿದ. ಕನ್ನಡಕ ತೆಗೆದು ಟೈಯ ತುದಿಯಿಂದ ಒರೆಸಿದ. ಇಲ್ಲ ಅನ್ನಲಿಲ್ಲ. ಚಳಿಗಾಲದೊಳಗೆ ಬಾಗಿಲು ತೆಗೆಯಬೇಕೆಂದು ಮಾಲೀಕರು ಪಟ್ಟು ಹಿಡಿದಿದ್ದರು, ಕವಚಕ್ಕೆ ಅದರಾಚೆಗೂ ಏಳು ತಿಂಗಳು ಬೇಕಿತ್ತು, ತಾನು ಆಗದು ಎಂದಿದ್ದರೆ ಬೇರೆಯವರನ್ನು ಕರೆಸುತ್ತಿದ್ದರು, ಕಚೇರಿಯ ಎಂಬತ್ತು ಜನ ಮನೆಗೆ ಹೋಗಬೇಕಾಗುತ್ತಿತ್ತು ಎಂದೆಲ್ಲ ತಗ್ಗಿದ ದನಿಯಲ್ಲಿ ಹೇಳಿದ.

"ಇದನ್ನೇ ನನಗೆ ಹೇಳಬಹುದಿತ್ತಲ್ಲ."

"ಹೇಳಿದ್ರೆ ನೀನು ಕೇಳ್ತಿದ್ಯಾ? ಪತ್ರಿಕೆಯವರವರೆಗೂ ಹೋಗ್ತಿದ್ದೆ. ತಪ್ಪು ನಿಂದೇ ಅಂದ್ರೆ ಮಾತ್ರ ಸುಮ್ನಿರ್ತೀಯ ಅಂತ ನನಗೆ ಗೊತ್ತಿತ್ತು."

ಅವನಷ್ಟು ಚೆನ್ನಾಗಿ ಅವಳನ್ನು ಬಲ್ಲವರು ತಾಯಿಯನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

"ಅಮ್ಮ ಸಾಯ್ತಾ ಇದ್ಲು," ಎಂದಳು ಬರ್ನಡೀನ್. "ಅವಳ ಕೈ ಹಿಡ್ಕೊಂಡು ಕೂತಿದ್ರೂ ನನ್ನ ತಲೇಲಿ ಆ ಲೆಕ್ಕಾನೇ ಓಡ್ತಿತ್ತು. ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ. ನೀನು ಸುಳ್ಳು ಹೇಳಿದೆ, ವೆಂಡೆಲ್."

ಇಷ್ಟು ವರ್ಷದಲ್ಲಿ ಅವನಿಗೆ ಅವಳು ನೀವು ಎಂದದ್ದೇ ಹೊರತು ಇನ್ನೊಂದಿಲ್ಲ. ಅವನು ಅದನ್ನು ಗಮನಿಸಿದನೋ ಇಲ್ಲವೋ, ಕನ್ನಡಕ ಹಾಕಿಕೊಂಡ. "ಒಳಗೆ ಬಂದು ಶಿಖರ ಅಂತ ಒಂದು ಮಾತು ಹೇಳ್ಬಿಡು. ಆಮೇಲೆ ಎಷ್ಟು ಬೇಕಾದ್ರೂ ಬೈ."

ಒಳಗೆ ಅಧ್ಯಕ್ಷ ನಿಸ್ಸೆನ್ ಅವಳ ಕಡೆ ತಿರುಗಿದ. ಉಪಕರಣಗಳನ್ನು ಹೊತ್ತು ನಿಲ್ಲುವುದನ್ನು ಬಿಟ್ಟರೆ ಆ ಕಂಬಕ್ಕೆ ಬೇರೆ ಏನಾದರೂ ಕೆಲಸ ಇದೆಯೇ ಎಂದು ಕೇಳಿದ. ವೆಂಡೆಲ್‌ನ ಕಾಗದದ ವಿಷಯ ಎತ್ತಲು ಅದೇ ಹೊತ್ತಾಗಿತ್ತು. ಅವಳು ಎತ್ತಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು.

"ಇಲ್ಲ ಸರ್. ನಾನು ಬರೆದದ್ದು ಶಿಖರ. ಅಲ್ಲೀಗ ನಿಂತಿರೋದು ಡಿಶ್ ಕಟ್ಟಿದ ಕಂಬ."

ಮರುದಿನದಿಂದ ಕಚೇರಿಯಲ್ಲಿ ಅವಳ ಮೇಜಿನ ಬಳಿ ಯಾರೂ ನಿಲ್ಲದಾದರು. ಕಂಪನಿಯ ಅನ್ನ ತಿಂದು ಕಂಪನಿಗೇ ಎರಡು ಬಗೆದವಳು ಎಂದು ಲಿಫ್ಟಿನಲ್ಲಿ ಯಾರೋ ಅಂದದ್ದು ಅವಳಿಗೂ ಕೇಳಿಸಿತು.

ಹನ್ನೊಂದು ದಿನದ ಮೇಲೆ ತೀರ್ಪು ಬಂತು. ಮೂಲ ನಕ್ಷೆಗಳನ್ನು ಪರಿಶೀಲಿಸಲಾಗಿ, ವಾಸ್ತುಶಿಲ್ಪಿಯ ಉದ್ದೇಶ ಆರಂಭದಿಂದಲೂ ಶಿಖರವೇ ಆಗಿತ್ತೆಂದು ಸಮಿತಿಗೆ ಮನವರಿಕೆಯಾಗಿದೆ. ಕವಚ ಇಲ್ಲದಿರುವುದು ಆ ಉದ್ದೇಶವನ್ನು ಅಳಿಸುವುದಿಲ್ಲ. ಕಂಬದ ಎತ್ತರ ಕಟ್ಟಡದ ಎತ್ತರಕ್ಕೆ ಸೇರತಕ್ಕದ್ದು. ಆಧಾರವೆಂದು ಲಗತ್ತಿಸಿದ್ದ ನಕ್ಷೆಯನ್ನು ಬರ್ನಡೀನ್ ದೀಪದ ಕೆಳಗೆ ಹಿಡಿದು ನೋಡಿದಳು. ಗೆರೆಗಳೆಲ್ಲ ಅವಳವೇ. ಮೂಲೆಯಲ್ಲಿ ಅವಳ ಸಹಿಯಿದ್ದ ಜಾಗದಲ್ಲಿ ವೆಂಡೆಲ್ ಹಾಯ್ಟ್ ಎಂದು ಅಚ್ಚಾಗಿತ್ತು.

ಸಂಜೆ ನಾಲ್ಕಕ್ಕೆ ಗೋಪುರದ ಆಕಾರದ ಕೇಕ್ ತರಿಸಿದರು. ಮೇಲೆ ಸಕ್ಕರೆಯ ಮೊನೆ, ಬಿಳಿಯದು. ಅದನ್ನು ಯಾರಿಗೆ ಕೊಡುವುದೆಂದು ನಗೆಯ ಗದ್ದಲ ನಡೆದಿದ್ದಾಗ ಅವಳು ರಾಜೀನಾಮೆಯನ್ನು ವೆಂಡೆಲ್‌ನ ಮೇಜಿನ ಮೇಲಿಟ್ಟು, ಕೋಟು ಹಾಕಿಕೊಂಡು ಕೆಳಗಿಳಿದಳು.

ಸೇತುವೆಯ ಮೇಲೆ ಪಕ್ಕದ ರಾಜ್ಯ ಅಯೋವಾದ ಹಳ್ಳಿ ಕಡೆಯವರಂತೆ ಕಂಡ ವಯಸ್ಸಾದ ದಂಪತಿ ನಿಂತಿದ್ದರು. ಗಂಡಸು ಅವಳ ಕೈಗೆ ಫೋನ್ ಕೊಟ್ಟು, ತಮ್ಮಿಬ್ಬರ ಹಿಂದೆ ಆ ಗೋಪುರ ಬರುವ ಹಾಗೆ ಒಂದು ಫೋಟೋ ತೆಗೆಯಬೇಕೆಂದು ಕೇಳಿಕೊಂಡ.

"ತುದಿ ತಪ್ಪಿ ಹೋಗದ ಹಾಗೆ ನೋಡ್ಕೊಳ್ಳಮ್ಮ," ಎಂದಳು ಹೆಂಡತಿ. "ತುದಿಯಿಂದಲೇ ಅಲ್ವಾ ಅದಕ್ಕೆ ಹೆಸರು ಬಂದಿರೋದು."

ಬರ್ನಡೀನ್ ಎರಡು ಹೆಜ್ಜೆ ಹಿಂದೆ ಸರಿದಳು. ಸಾಲಲಿಲ್ಲ. ಕಾಲುದಾರಿಯ ತಣ್ಣನೆಯ ಕಲ್ಲಿನ ಮೇಲೆ ಒಂದು ಮೊಣಕಾಲೂರಿದಳು, ಆಮೇಲೆ ಇನ್ನೊಂದನ್ನೂ ಊರಿದಳು. ಕೋಟಿನ ಅಂಚು ನೆಲಕ್ಕೆ ತಾಗಿತು, ಜನ ಅವಳನ್ನು ಬಳಸಿಕೊಂಡು ಹೋದರು. ಫೋನನ್ನು ಇನ್ನಷ್ಟು ಕೆಳಗೆ ತಂದು ಕತ್ತು ಓರೆ ಮಾಡಿದಳು.

"ಬಂತಾ?" ಎಂದು ಕೇಳಿದ ಗಂಡಸು.

"ಸ್ವಲ್ಪ ಹಾಗೇ ಇರಿ," ಎಂದಳು ಅವಳು.