ಎಮ್ಮೆಬಂಡೆಯ ಕಿವಿ

ನಮ್ಮ ಅಜ್ಜಿ ಆಯಿಯ ಕತೆಗಳಲ್ಲಿ ವರದಾ ಹೊಳೆ ಗಂಡನ ಮನೆಗೆ ಹೋದ ಮಗಳು. ವರ್ಷಕ್ಕೊಮ್ಮೆ, ಪುಷ್ಯ ಮಳೆಯಲ್ಲಿ, ತವರಿಗೆ ಬರುತ್ತಾಳೆ. ಒಬ್ಬಳೇ ಬಂದರೆ ದಂಡೆಯ ಎಮ್ಮೆಬಂಡೆಯ ಕಾಲು ತೊಳೆದು ಹಿಂದಿರುಗುತ್ತಾಳೆ. ನೆಂಟರಿಷ್ಟರನ್ನೆಲ್ಲ ಕಟ್ಟಿಕೊಂಡು ಬಂದರೆ ಮಾತ್ರ ಒಲೆಯ ಮೇಲಿನ ಗಡಿಗೆಯನ್ನೂ ಬಿಟ್ಟು ನಾವು ಎದ್ದು ಹೋಗಬೇಕು. ಬಂಡೆ ನೋಡುವುದಕ್ಕೂ ಮೊಣಕಾಲೂರಿ ಕುಳಿತ ಎಮ್ಮೆಯ ಹಾಗೆಯೇ ಇದೆ. ಮೊಣಕಾಲು, ಅದರ ಮೇಲೆ ಮೂಗು, ಅದರ ಮೇಲೆ ಕಿವಿ, ತುದಿಗೆ ಮುರುಕು ಕೊಂಬು. ನೀರು ಎಲ್ಲಿಯವರೆಗೆ ಬಂದರೆ ಏಳಬೇಕು ಎಂಬುದೇ ಕತೆಯ ಮುಖ್ಯ ಮಾತು. ಆ ಮುಖ್ಯ ಮಾತನ್ನೇ ಆಯಿ ಒಂದೊಂದು ಸಲ ಒಂದೊಂದು ರೀತಿ ಹೇಳಿಟ್ಟಿದ್ದಳು.

ನಮ್ಮದು ಹಾನಗಲ್ಲ ತಾಲೂಕಿನ ಕೊನೆಯ ಊರು. ಹೊಳೆ ದಾಟಿದರೆ ಸವಣೂರು ನವಾಬರ ಸೀಮೆ. ಅಪ್ಪ ಮೈಲಾರಪ್ಪ ಊರಿನ ವಾಲೀಕಾರ. ಸರಕಾರದ್ದಾಗಲಿ ಗೌಡರದ್ದಾಗಲಿ, ಏನು ಸುದ್ದಿಯಿದ್ದರೂ ಹಲಗೆ ಬಾರಿಸಿ ಸಾರುವುದು ಅವನ ಕೆಲಸ. ಮೂವತ್ತೇಳನೇ ಇಸವಿಯ ಮಳೆಗಾಲದಲ್ಲಿ ನೀರು ಎಮ್ಮೆಯ ಮೊಣಕಾಲು ಮುಟ್ಟಿದ್ದನ್ನು ನೋಡಿ ನಾನೇ ಅಪ್ಪನಿಗೆ ಗಂಟುಬಿದ್ದು ಹಲಗೆ ಹೊಡೆಸಿದ್ದೆ. ಇಡೀ ಕೇರಿ ಕಾಳುಕಡಿ ಹೊತ್ತು ದಿಬ್ಬ ಹತ್ತಿತು. ಮಾರನೆಯ ದಿನ ಬಿಸಿಲು ಬಿತ್ತು. ಎರಡು ದಿನ ಬಿಸಿಲಲ್ಲಿ ಕುಳಿತು ಎಲ್ಲರೂ ನನ್ನ ಮುಖ ನೋಡಿದರು.

ಪರಮೇಶಪ್ಪ ಗೌಡರು ಅಪ್ಪನನ್ನು ಚಾವಡಿಗೆ ಕರೆಸಿ ಹೇಳಿದರು. "ಇನ್ನ ಮ್ಯಾಲ ಮ್ಯಾಲಿನ ಕಚೇರಿ ಕಾಗದ ಬಾರದ ಹಲಗಿ ಮುಟ್ಟಿದಿ ಅಂದ್ರ, ವಾಲೀಕಾರಕಿ ಬ್ಯಾರೆ ಮನೀಗೆ ಹೋಗ್ತೈತಿ ನೋಡು."

ಮುಂದಿನ ವರ್ಷದ ಪುಷ್ಯ. ನಾಲ್ಕು ದಿನದಿಂದ ಮಳೆ ಬಿಟ್ಟಿರಲಿಲ್ಲ. ಹಿರೇಕೆರೂರು ಕಡೆಯಿಂದ ಬರುವ ಚಕ್ಕಡಿಗಳು ನಿಂತುಹೋಗಿದ್ದವು. ಬೆಳಿಗ್ಗೆ ಹೊಳೆಯ ಕಡೆ ಹೋಗಿ ಬಂದವಳು ಅಪ್ಪನ ಮುಂದೆ ನಿಂತೆ.

"ಅಪ್ಪ, ನೀರು ಮೂಗಿಗೆ ಬಂದೈತಿ."

"ಹ್ವಾದ ವರ್ಷ ಮೊಣಕಾಲಿಗೆ ಬಂದಿತ್ತು. ಮುಂದಿನ ವರ್ಷ ಬಾಲಕ್ಕ ಬರ್ತೈತಿ."

"ಮಸ್ಕರಿ ಬ್ಯಾಡ. ಅಕ್ಕನ ಮನಿ ಹೊಳೀಗೆ ಹತ್ತಿಕೊಂಡೈತಿ. ಒಂಬತ್ತು ದಿನದ ಕೂಸು ಐತಿ."

"ಗೊತ್ತೈತೆವ್ವಾ. ಕಾಗದ ಬರ್ಲಿ."

"ಎಲ್ಲೈತಿ ಕಾಗದ?"

"ಬರಾಕತ್ತಿರತೈತಿ."

ಕಾಗದ ಹೇಗೆ ಬರುತ್ತದೆಂಬುದು ನನಗೂ ಗೊತ್ತು. ಊರಿಂದ ಊರಿಗೆ, ಒಬ್ಬ ವಾಲೀಕಾರನ ಕೈಯಿಂದ ಇನ್ನೊಬ್ಬನ ಕೈಗೆ. ಪ್ರತಿ ಊರಲ್ಲೂ ಗೌಡರ ಸಹಿಯಾಗಬೇಕು. ಗೌಡರು ಶಿಗ್ಗಾವಿ ಸಂತೆಗೆ ಹೋಗಿದ್ದರೆ ಅವರು ತಿರುಗಿ ಬರುವವರೆಗೆ ಕಾಗದ ಅವರ ಕಟ್ಟೆಯ ಮೇಲೆ ಕೂತಿರುತ್ತದೆ. ಹೊಳೆಗೆ ಇಂಥ ಅಡಚಣೆಗಳಿಲ್ಲ.

ಸಿಟ್ಟಿನಲ್ಲಿ ಗೂಟದಿಂದ ಹಲಗೆ ಇಳಿಸಿ ನಾನೇ ಬಡಿದೆ. ಒದ್ದೆ ಕೌದಿಗೆ ಬಡಿದ ಹಾಗೆ ಥಪ್ ಎಂದಿತು. ಚರ್ಮ ಥಂಡಿಗೆ ಸಡಿಲಾಗಿತ್ತು. ಕಾಯಿಸೋಣವೆಂದರೆ ಕುಳ್ಳೆಲ್ಲ ಹಸಿ. ಮಳೆಯ ಸುದ್ದಿ ಸಾರಲು ಊರಿಗಿರುವುದು ಇದೊಂದು. ಮಳೆ ಬಂದರೆ ಇದರ ಬಾಯಿ ಕಟ್ಟುತ್ತದೆ.

"ಬ್ಯಾಸಗ್ಯಾಗ ಛಲೋ ನುಡೀತೈತಿ," ಎಂದ ಅಪ್ಪ.

ಉಡಚವ್ವ ಆಯಿ ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವಳ ಮುಂದೆ ಕುಕ್ಕರಿಸಿದೆ. "ಆಯಿ, ಮೂಗೋ, ಕಿವಿಯೋ, ಕೊಂಬೋ? ಒಂದು ಹೇಳು."

"ಮೂಗು ಅಂದ್ರ ನೀ ನಗತಿದ್ದಿ. ಅದಕ್ಕ ಮೂಗು ಅಂತಿದ್ದೆ."

"ಮತ್ತ ಮೊಣಕಾಲು?"

"ಅವತ್ತ ನಿನಗ ನಿದ್ದಿ ಬಂದಿತ್ತು. ಕತಿ ಲಗೂ ಮುಗಸಬೇಕಾಗಿತ್ತು."

ಗೋಡೆಗೆ ಹಣೆ ಚಚ್ಚಿಕೊಳ್ಳುವಂತಾಯಿತು. ನನಗೆ ನಿದ್ದೆ ಬಂದಿತ್ತೆಂದು ಇಡೀ ಕೇರಿ ಎರಡು ದಿನ ದಿಬ್ಬದ ಮೇಲೆ ಕುಳಿತಿತ್ತು.

"ಕತಿ ಬ್ಯಾಡ ಆಯಿ. ನೀ ಕಣ್ಣಿಲೆ ಕಂಡದ್ದು ಹೇಳು."

ಮೊರದಲ್ಲಿ ಕಾಳು ಆರಿಸುತ್ತಿದ್ದ ಅವಳ ಕೈ ನಿಂತಿತು. "ಕಿವಿ," ಎಂದಳು. "ಕಿವಿ ಮುಣಗಿದಾಗ ನಮ್ಮವ್ವ ಬೀಸಾಕ ಕುಂತಿದ್ಲು. ನಾ ಕಾಡತೇನಂತ ದಿಬ್ಬದ ಮ್ಯಾಲ ಆಡಾಕ ಕಳಿಸಿದ್ಲು. ಒಂದು ಸೇರು ಜ್ವಾಳ, ಅಷ್ಟ. ಬೀಸೂದು ಮುಗೀಲಿಲ್ಲ."

ಇಷ್ಟು ವರ್ಷದ ಕತೆಗಳಲ್ಲಿ ಆಯಿಯ ಅವ್ವ ಒಮ್ಮೆಯೂ ಬಂದಿರಲಿಲ್ಲ. ಯಾಕೆಂದು ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ.

ಓಡಿದೆ. ಎಮ್ಮೆಯ ಮೂಗು ಕಾಣಲಿಲ್ಲ. ಕೆಂಪು ನೀರು ಕಿವಿಯ ಬುಡ ನೆಕ್ಕುತ್ತಿತ್ತು.

ಅಕ್ಕ ಅನ್ನವ್ವನನ್ನು ಅಪ್ಪನ ಅಕ್ಕನ ಮಗನಿಗೇ ಕೊಟ್ಟಿದ್ದರು. ನಮ್ಮವ್ವ ಇಲ್ಲದ್ದರಿಂದ ಬಾಣಂತನವೂ ಅಲ್ಲಿಯೇ. ನಾನು ಅಲ್ಲಿಗೆ ಓಡಿದಾಗ ಅತ್ತೆ ಹೊಳೆವ್ವ ಬಾಗಿಲಿಗೆ ಅಡ್ಡ ಕುಳಿತಿದ್ದಳು.

"ಅತ್ತಿ, ಏಳ್ರಿ. ನೀರು ಕಿವಿಗೆ ಬಂದೈತಿ."

"ಹ್ವಾದ ವರ್ಷ ನಿನ್ನ ಎಮ್ಮಿ ಮಾತು ಕೇಳಿ ಹಿಡದ ಸೊಂಟ ಇನ್ನೂ ಬಿಟ್ಟಿಲ್ಲ. ಹಸಿ ಬಾಣಂತಿನ್ನ ಮಳ್ಯಾಗ ಹೊರಡಸಲೇನು? ನಿಮ್ಮಪ್ಪ ಹಲಗಿ ಬಾರಸಲಿ, ಆಮ್ಯಾಲ ನೋಡೂಣು."

ಆಚೆಯ ಕಟ್ಟೆಯಿಂದ ಯಾರೋ ಕೇಳಿದರು. "ಅಡಿವೆವ್ವ, ನಿನ್ನ ಎಮ್ಮಿ ಈ ವರ್ಷ ಕರಾ ಹಾಕೇತೇನ?" ಕೇರಿಯೆಲ್ಲ ನಕ್ಕಿತು.

ಅತ್ತೆಯನ್ನು ದಾಟಿ ಒಳಗೆ ಹೋದೆ. ಕತ್ತಲೆ ಕೋಣೆಯಲ್ಲಿ ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ಖರೇನ?"

"ಖರೇ ಅಕ್ಕ. ಆಯಿ ಕತಿ ಹೇಳಲಿಲ್ಲ. ಕಂಡದ್ದು ಹೇಳಿದಳು."

ಅಕ್ಕ ಕೂಸನ್ನು ಕಂಬಳಿಯಲ್ಲಿ ಸುತ್ತಿ ನನ್ನ ಕೈಗಿಟ್ಟಳು. ಹಿತ್ತಲ ಬಾಗಿಲು ತೋರಿಸಿದಳು. ನಾನು ಹೊಸ್ತಿಲು ದಾಟಿದ್ದೇ ತಡ, ಎದೆ ಬಡಿದುಕೊಂಡು ಕೂಗಿದಳು. "ಅತ್ತಿ, ಅಡಿವೆವ್ವ ಕೂಸಿನ್ನ ಎತ್ತಿಕೊಂಡು ಹೊಂಟಾಳ ನೋಡ್ರಿ."

ಸೊಂಟ ಹಿಡಿದಿದ್ದ ಅತ್ತೆ ಹಾಗೆ ಓಡಿದ್ದನ್ನು ನಾನೆಂದೂ ಕಂಡಿರಲಿಲ್ಲ. ಹಿಂದೆ ಅಕ್ಕ, ಅಕ್ಕನ ಹಿಂದೆ ಕೇರಿ. ಹಲಗೆ ಬಾರಿಸಿದರೆ ಏಳದಿರುವುದಕ್ಕೆ ನಮ್ಮವರು ಹತ್ತು ನೆಪ ಹೇಳುತ್ತಾರೆ. ಜಗಳವೆಂದರೆ ಉಣ್ಣುವ ಕೈ ತೊಳೆಯದೆ ಏಳುತ್ತಾರೆ. ಜಗಳ ಚಾವಡಿಗೆ ಹೋದರೆ ಮನೆಗೊಂದು ಸಾಕ್ಷಿ ಹೋಗಲೇಬೇಕು. ಮುದುಕರನ್ನು ಕೂಡ ಬೆನ್ನಮೇಲೆ ಹೊತ್ತು ತಂದರು, ಯಾಕೆಂದರೆ ಹಳೆಯ ಜಗಳಗಳು ಅವರಿಗೇ ಗೊತ್ತು. ಅಪ್ಪನ ಬೆನ್ನಮೇಲೆ ಆಯಿ ಇದ್ದಳು. ನಾನು ಓಡಿದ್ದು ಚಾವಡಿಗೆ; ಚಾವಡಿಯಿದ್ದದ್ದು ದಿಬ್ಬದ ಮೇಲೆ.

ಪರಮೇಶಪ್ಪ ಗೌಡರು ಎಲೆಯಡಿಕೆ ಮೆಲ್ಲುತ್ತ ಹೊರಗೆ ಬಂದರು. ಅತ್ತೆ ಕೂಸನ್ನು ಕಸಿದುಕೊಂಡು ಶುರುಮಾಡಿದಳು. ನನ್ನಿಂದ ಆರಂಭಿಸಿ, ಸತ್ತ ನಮ್ಮವ್ವನಿಗೆ ಬಂದು, ಅಪ್ಪನ ಮದುವೆಯಲ್ಲಿ ತನಗೆ ಕೊಟ್ಟ ಸೀರೆ ಎಷ್ಟು ತೆಳ್ಳಗಿತ್ತು ಎಂಬಲ್ಲಿಗೆ ತಲುಪಿದ್ದಳು. ನಾನು ನಡುವೆ ಬಾಯಿ ಹಾಕಿ ಸೀರೆ ದಪ್ಪಗಿತ್ತೆಂದೆ. ಜಗಳ ಆರಬಾರದಿತ್ತು.

ಅಷ್ಟರಲ್ಲಿ ನೂರು ಚಕ್ಕಡಿ ಒಮ್ಮೆಲೇ ಉರುಳಿದಂಥ ಸದ್ದು. ಕೆಳಗೆ ಅತ್ತೆಯ ಮನೆಯ ಗೋಡೆ ಮೆಲ್ಲಗೆ ಕುಳಿತುಕೊಂಡಿತು. ಅದರ ಬೆನ್ನಿಗೆ ಪಕ್ಕದ ಮನೆಯದು. ಕಟ್ಟಿದ ಆಡುಗಳು ಒಂದಷ್ಟು ಹೊತ್ತು ಕೂಗಿದವು. ಅವನ್ನು ಬಿಚ್ಚಿರೆಂದು ಹೇಳಲು ನನಗೆ ನೆನಪಾಗಿರಲಿಲ್ಲ.

ಗೌಡರು ಎಲೆ ಉಗಿದು, "ಮೈಲಾರಪ್ಪ, ಹಲಗಿ ಬಾರಸು," ಎಂದರು.

"ಕಾಗದ ಬಂದಿಲ್ಲರಿ," ಎಂದ ಅಪ್ಪ.

ಕಾಗದ ಮೂರನೆಯ ದಿನ ಬಂತು, ಒದ್ದೆಯಾಗಿ, ಆರು ಸಹಿಗಳ ಸಮೇತ. ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಕಲಿತವಳೆಂದು ನನ್ನಿಂದಲೇ ಓದಿಸಿದರು. ಹೊಳೆಗೆ ನೀರು ಹೆಚ್ಚುವ ಸಂಭವವಿದೆ. ಡಂಗುರ ಹೊಡೆಸಿ, ಹೊಡೆಸಿದ ಬಗ್ಗೆ ಸಹಿ ಮಾಡಿ, ಮುಂದಿನ ಊರಿಗೆ ಕಳಿಸತಕ್ಕದ್ದು. ಬಿಸಿಲು ಬಿದ್ದಿತ್ತು. ಹಲಗೆ ಒಣಗಿ ಛಲೋ ನುಡಿಯುತ್ತಿತ್ತು. ಅಪ್ಪ ಅದನ್ನು ಬಾರಿಸುತ್ತ, ಮೊಣಕಾಲುದ್ದದ ರಾಡಿಯಲ್ಲಿ, ಗೋಡೆಗಳಿಲ್ಲದ ಕೇರಿಯನ್ನು ಸುತ್ತಿದ. ರಾಡಿಯಲ್ಲಿ ಬೀಸುಕಲ್ಲು ಹುಡುಕುತ್ತಿದ್ದ ಹೊಳೆವ್ವತ್ತೆ ತಲೆಯೆತ್ತಿದಳು.

"ಕೇಳಿದಿವೋ ತಮ್ಮಾ. ತಡಿ, ಏಳ್ತೇವಿ."

ನೀರಿಳಿದ ಮೇಲೆ ಉಳಿ ತೆಗೆದುಕೊಂಡು ಹೋಗಿ ಎಮ್ಮೆಯ ಕಿವಿಯ ಕೆಳಗೆ ಅಡ್ಡಗೆರೆ ಕೊರೆದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಸಂಜೆ ದಿಬ್ಬದ ಮೇಲಿನ ಬಿಡಾರಕ್ಕೆ ಬಂದರೆ ಆಯಿ ಕಾಲು ಚಾಚಿ, ಅಕ್ಕನ ಕೂಸನ್ನು ಮಲಗಿಸಿಕೊಂಡು ಹೇಳುತ್ತಿದ್ದಳು. "ಆಮ್ಯಾಲ ನೀರು ಏರಿ ಏರಿ ಎಮ್ಮಿ ಮೂಗಿಗೆ ಬಂತಂತ…"

"ಕಿವಿ, ಆಯಿ."

"ಮೂಗು ಅಂದ್ರ ನಗತೈತಿ ನೋಡು."

"ಅಳಲಿ ಬಿಡು. ಕಿವಿ ಅನ್ನು."